ಹಳೆಯ ಸಾಮಾನಿನ ಮನೆ ಸಿನಿಮಾ

ಮನೆಯಲ್ಲಿ ಉಪಯೋಗ ತಪ್ಪಿ ಮೂಲೆ ಸೇರಿದ ಪಂಚೆ, ರಟ್ಟಿನ ಪೆಟ್ಟಿಗೆ, ಭೂತಗನ್ನಡಿ, ಸ್ಪೀಕರ್, ಮಡಕೆ ಮೊದಲಾದವನ್ನು ಹೊಂದಿಸಿ, ಮನೆಮಂದಿ ಒಟ್ಟಾಗಿ ಕುಳಿತು ಚಲನಚಿತ್ರ ನೋಡುವಂತೆ ಮಾಡಿಕೊಳ್ಳುವ ಅಗ್ಗದ ಏರ್ಪಾಡಿಗೆ ಈ ಹೆಸರು ಸಲ್ಲುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ತೆರಕಣಾಂಬಿಯಂಥ ಊರುಗಳ ಮಟ್ಟಿಗೆ ಇದರ ಹಿಂದಿನ ಆಸೆ ಹೊಸದಲ್ಲ. ಹಳೆ ಮೈಸೂರು ಸೀಮೆಯಲ್ಲಿ ಊರಿಂದೂರಿಗೆ ಡೇರೆ ಹೊತ್ತು ಸಾಗುತ್ತಿದ್ದ ಟೂರಿಂಗ್ ಟಾಕೀಸುಗಳೂ, 1980ರ ದಶಕದಲ್ಲಿ ಚಂದಾ ಎತ್ತಿ ಬಾಡಿಗೆಗೆ ತಂದು ರಾತ್ರಿಯಿಡೀ ಓಡಿಸುತ್ತಿದ್ದ ಟಿ.ವಿ., ವಿ.ಸಿ.ಪಿ. (ವಿಡಿಯೊ ಕ್ಯಾಸೆಟ್ ಪ್ಲೇಯರ್)ಗಳೂ ಇದೇ ಆಸೆಯನ್ನು ತಣಿಸಿದವು.

ಈ ಏರ್ಪಾಡಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಾಮಾನು ಕತ್ತಲೆ. ಆರು ಇಂಚಿನ ಫೋನ್ ಪರದೆಯನ್ನು ಮಸೂರದ ಮೂಲಕ ಹತ್ತು ಪಟ್ಟು ಹಿಗ್ಗಿಸಿದರೆ 60 ಇಂಚಿನ ಚಿತ್ರ ಮೂಡುವುದು ನಿಜವಾದರೂ, ಅದರ ವಿಸ್ತೀರ್ಣ ನೂರು ಪಟ್ಟಾಗುವುದರಿಂದಲೂ, ಫೋನಿನ ಬೆಳಕಿನ ಒಂದು ಪಾಲನ್ನಷ್ಟೇ ಮಸೂರ ಹಿಡಿಯುವುದರಿಂದಲೂ ಹೊಳಪು ನೂರನೆಯ ಒಂದಂಶಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಐದು ಪಟ್ಟಿಗೆ ನಿಲ್ಲಿಸಿ 30 ಇಂಚಿಗೆ ತೃಪ್ತಿಪಡುವುದು ಜಾಣತನ. ಸಂಗಮದೂರ, ಎಂದರೆ ಸಮಾಂತರ ಕಿರಣಗಳು ಒಂದೆಡೆ ಕೂಡುವ ಬಿಂದುವಿಗೂ ಮಸೂರಕ್ಕೂ ಇರುವ ಅಂತರ, 20 ಸೆಂ.ಮೀ. ಇರುವ ಭೂತಗನ್ನಡಿಯಾದರೆ, ಫೋನನ್ನು ಅದರಿಂದ 24 ಸೆಂ.ಮೀ. ಹಿಂದಕ್ಕೂ ಪರದೆಯನ್ನು 120 ಸೆಂ.ಮೀ. ಮುಂದಕ್ಕೂ ಇರಿಸಬೇಕು. ಚಿತ್ರ ತಲೆಕೆಳಗಾಗಿ ಬೀಳುವುದರಿಂದ ಫೋನನ್ನೇ ಮೊದಲು ತಲೆಕೆಳಗಾಗಿ ನಿಲ್ಲಿಸುವುದು ವಾಡಿಕೆ. ಫೋನು, ಮಸೂರಗಳನ್ನು ಕೂರಿಸಿದ ರಟ್ಟಿನ ಪೆಟ್ಟಿಗೆಯ ಒಳಗೋಡೆಗೆ ಮಸಿ ಬಳಿಯದಿದ್ದರೆ ಅಲ್ಲೇ ಚದುರಿದ ಬೆಳಕು ಚಿತ್ರವನ್ನು ಮಬ್ಬಾಗಿಸುತ್ತದೆ.

ಪರದೆಗೆ ನುಣುಪಾಗಿ ಸುಣ್ಣ ಬಳಿದ ಗೋಡೆಯೇ ಸಾಕು. ಅದಿಲ್ಲದ ಕಡೆ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ, ಕೆಳಅಂಚಿಗೆ ಬಿದಿರ ಗಳು ತೂರಿಸಿ ಇಳಿಬಿಟ್ಟರೆ ಸುಕ್ಕು ಹೋಗುತ್ತದೆ. ಒಂದೇ ಪದರದ ಬಟ್ಟೆಯಲ್ಲಿ ಬೆಳಕು ಹಿಂದಕ್ಕೆ ಸೋರಿಹೋಗಿ ಚಿತ್ರ ಮಂಕಾಗುತ್ತದೆ. ನಡುವೆ ಬಾನಿಗೆ ತೆರೆದಿರುವ ತೊಟ್ಟಿ ಮನೆಯಲ್ಲಿ ಹುಣ್ಣಿಮೆಯ ಆಸುಪಾಸು ತೊಟ್ಟಿಗಿಂತ ಒಳಗಿನ ಕೋಣೆಯೇ ಲೇಸು. ಹಗಲಿನಲ್ಲಾದರೆ ಗಾಜಿನ ಹಂಚಿಗೂ ಗೋಣಿಚೀಲ ಹೊದಿಸಬೇಕಾಗುತ್ತದೆ.

ಧ್ವನಿಯ ವಿಷಯದಲ್ಲಿ ಹಳ್ಳಿಗಳ ಮಡಕೆ ಸ್ಪೀಕರ್ ಇಂದಿಗೂ ಗೌರವಕ್ಕೆ ಅರ್ಹ. ಸ್ಪೀಕರಿನ ಕೋನು ಮುಂದಕ್ಕೆ ಗಾಳಿಯನ್ನು ತಳ್ಳುವ ಹೊತ್ತಿಗೆ ಹಿಂದೆ ಸೆಳೆಯುತ್ತಿರುತ್ತದೆ. ಈ ಎರಡು ಅಲೆಗಳು ಕೂಡಿದರೆ ತಗ್ಗಿನ ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಕೋನನ್ನು ಹೊರಮುಖವಾಗಿ ಮಡಕೆಯ ಬಾಯಿಗೆ ಕೂರಿಸಿ, ಸಂದಿಗೆ ಸೈಕಲ್ ಟ್ಯೂಬಿನ ಪಟ್ಟಿ ಕೊಟ್ಟು ಗಾಳಿ ಸೋರದಂತೆ ಬಿಗಿದರೆ ಹಿಂದಿನ ಅಲೆ ಒಳಗೇ ಉಳಿಯುತ್ತದೆ. ಬರಿದಾದ ಮಡಕೆ ಒಂದೇ ಸ್ವರಕ್ಕೆ ಗುಂಯ್‌ಗುಡುವ ಸ್ವಭಾವದ್ದಾದ್ದರಿಂದ ಹಳೆ ದಿಂಬಿನ ಹತ್ತಿಯನ್ನು ಸಡಿಲವಾಗಿ ತುಂಬುತ್ತಾರೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ಹೊರಗೆ ಹೋಗದೆಂಬುದು ಬರೀ ನಂಬಿಕೆ. ಅವು ಸದ್ದನ್ನು ತಡೆಯುವುದಿಲ್ಲ, ಬೆಂಕಿಯನ್ನು ಬೇಗ ಹಿಡಿಯುತ್ತವೆ. ಕೋಣೆಯೊಳಗಿನ ಮಾರ್ದನಿ ತಗ್ಗಿಸಲು ಎದುರು ಗೋಡೆಗೆ ತೂಗುಹಾಕಿದ ಕಂಬಳಿಯೇ ಮೇಲು.

ವಿದ್ಯುತ್ತಿನ ಭಾಗದಲ್ಲಿ ಮಾತ್ರ ಉಳಿತಾಯಕ್ಕೆ ಮಿತಿಯುಂಟು. ಕೆಟ್ಟ ಕಂಪ್ಯೂಟರಿನಿಂದ ತೆಗೆದ ಪವರ್ ಸಪ್ಲೈ 12 ವೋಲ್ಟ್ ಕೊಡುವುದರಿಂದ ಕಾರಿನ ಆಂಪ್ಲಿಫೈಯರಿಗೆ ಒದಗುತ್ತದೆ. ಆದರೆ 4 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದಾಗ ತಡೆ 2 ಓಮಿಗೆ ಇಳಿದು, ಅದನ್ನು ತಾಳಲಾರದ ಆಂಪ್ಲಿಫೈಯರ್ ಕಾದು ಸುಡಬಹುದು. ಡಬ್ಬದಂಥ ಹಳೆ ಬಣ್ಣದ ಟಿ.ವಿ.ಯ ಪಿಕ್ಚರ್ ಟ್ಯೂಬು 20,000 ವೋಲ್ಟಿಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುವಂಥದ್ದಾಗಿದ್ದು, ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ನಿಂತಿರಬಲ್ಲುದರಿಂದ, ಅದರೊಳಗಿನ ಸ್ಪೀಕರನ್ನು ಟಿ.ವಿ. ರಿಪೇರಿ ಬಲ್ಲವರ ಕೈಯಿಂದಲೇ ಬಿಚ್ಚಿಸಬೇಕು.