ವಸ್ತಿ, ಧರ್ಮಶಾಲಾ, ತಾರಾ ಹೋಟೆಲು: ಹುಬ್ಬಳ್ಳಿ–ಧಾರವಾಡ ಹೆದ್ದಾರಿಯ ತಂಗುದಾಣಗಳ ಚರಿತ್ರೆ

ಪುಣೆ–ಬೆಂಗಳೂರು ರಸ್ತೆಯು ಧಾರವಾಡದ ಟೋಲನಾಕಾವನ್ನು ಬಿಟ್ಟ ಮೇಲೆ ವಿದ್ಯಾಗಿರಿ, ಲಕಮನಹಳ್ಳಿ, ಸತ್ತೂರು, ನವಲೂರುಗಳನ್ನು ದಾಟಿ ಉಣಕಲ್ಲಿನ ಮೂಲಕ ಹುಬ್ಬಳ್ಳಿಯನ್ನು ಪ್ರವೇಶಿಸುತ್ತದೆ. ಸುಮಾರು 20 ಕಿಲೋಮೀಟರುಗಳ ಈ ಹಾದಿ ಒಂದು ಕಾಲಕ್ಕೆ ಎತ್ತಿನ ಗಾಡಿಗೆ ಅರ್ಧ ದಿನದ ಪಯಣವಾಗಿತ್ತು. ಸುಂಕದ ಕಟ್ಟೆ ಇಲ್ಲದಿದ್ದರೂ ಟೋಲನಾಕಾ ಎಂಬ ಹೆಸರು ಉಳಿದಿದೆ. ಲಕಮನಹಳ್ಳಿಯ ಹೊಲಗಳ ಜಾಗದಲ್ಲಿ ಕೈಗಾರಿಕಾ ಪ್ರದೇಶವೂ ಬಡಾವಣೆಗಳೂ ಬಂದಿವೆ. ಈ ರಸ್ತೆಯ ಮೇಲೆ ಹೋಗುವವರ ಬಗ್ಗೆ ಇತಿಹಾಸಕಾರರು ಸಾಕಷ್ಟು ಬರೆದಿದ್ದಾರೆ. ದಂಡು, ವ್ಯಾಪಾರ, ಹತ್ತಿ, ರೈಲು ಇವೆಲ್ಲ ದಾಖಲಾಗಿವೆ. ಆದರೆ ಹೀಗೆ ಹೋಗುವವರು ಕತ್ತಲಾದಾಗ ಎಲ್ಲಿ ಮಲಗುತ್ತಿದ್ದರು, ಅವರನ್ನು ಯಾರು ಒಳಗೆ ಕರೆದುಕೊಳ್ಳುತ್ತಿದ್ದರು, ಯಾರು ಹೊರಗೆ ಉಳಿಯುತ್ತಿದ್ದರು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಇಂದು ವಿಮಾನ ಅಥವಾ ರೈಲು ಬದಲಿಸುವ ಪ್ರಯಾಣಿಕನೊಬ್ಬ ಒಂದೇ ರಾತ್ರಿಗಾಗಿ ತಾರಾ ಹೋಟೆಲಿನಲ್ಲಿ ಇಳಿದುಕೊಳ್ಳುವುದು ಸಹಜವೆನಿಸಿದೆ. ಈ ಸಹಜತೆಯ ಹಿಂದಿರುವ ಚರಿತ್ರೆಯು ಸೌಕರ್ಯದ ಚರಿತ್ರೆಗಿಂತ ಮಿಗಿಲಾಗಿ ಬಾಗಿಲಲ್ಲಿ ಕೇಳಲಾಗುವ 'ನೀನು ಯಾರು' ಎಂಬ ಪ್ರಶ್ನೆಯ ಚರಿತ್ರೆಯಾಗಿದೆ.

ಮೊದಲಿಗೆ ಭಾಷೆಯ ಸಾಕ್ಷ್ಯವನ್ನು ಗಮನಿಸಬೇಕು. ಧಾರವಾಡ ಸೀಮೆಯ ಆಡುಮಾತಿನಲ್ಲಿ ರಾತ್ರಿ ತಂಗುವುದಕ್ಕೆ 'ವಸ್ತಿ' ಎಂಬ ಪದವಿದೆ. 'ಇವತ್ತ ವಸ್ತಿ ಇದ್ದು ನಾಳೆ ಹೋಗ್ರಿ' ಎಂಬುದು ಬೀಗರಿಗೂ ದಾರಿಹೋಕರಿಗೂ ಸಮಾನವಾಗಿ ಹೇಳುವ ಮಾತು. ರಾತ್ರಿ ಹಳ್ಳಿಯಲ್ಲಿ ಉಳಿದು ಬೆಳಿಗ್ಗೆ ಮರಳುವ ಸರ್ಕಾರಿ ಬಸ್ಸು ಕೂಡ ಇಲ್ಲಿ 'ವಸ್ತಿ ಬಸ್ಸು'. ಯಂತ್ರಕ್ಕೂ ವಸ್ತಿಯ ಗೌರವ ಕೊಟ್ಟ ಭಾಷೆ ಇದು! ಅಧಿಕಾರಿಯ ತಂಗುವಿಕೆ 'ಮುಕ್ಕಾಮು'. ಸಂಸಾರ, ಸರಂಜಾಮುಗಳೊಡನೆ ಇಳಿಯುವುದು 'ಬಿಡಾರ'. ಹಳೆಯ ಮೈಸೂರಿನಲ್ಲಿ 'ಛತ್ರ' ಎನ್ನುವುದನ್ನು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗ 'ಧರ್ಮಶಾಲಾ' ಎಂದಿತು. 'ಖಾನಾವಳಿ' ಮರಾಠಿಯ ಮೂಲಕ ಬಂದು ನೆಲೆಯೂರಿತು. 'ಹೋಟೆಲ್' ಎಂಬ ಶಬ್ದ ಮಾತ್ರ ಕನ್ನಡದಲ್ಲಿ ವಿಚಿತ್ರ ದಾರಿ ಹಿಡಿದಿದೆ. ಜನರ ಬಾಯಲ್ಲಿ ಹೋಟೆಲ್ ಎಂದರೆ ಚಹಾ, ಉಪಾಹಾರದ ಸ್ಥಳ. ಮಲಗುವ ಸ್ಥಳ 'ಲಾಡ್ಜು'. ಮಲಗಲು ಹಣ ಕೊಡಬೇಕಾದ ಮನೆಗೆ ದೇಸಿ ಪದವೊಂದು ಹುಟ್ಟಲೇ ಇಲ್ಲವೆಂಬುದು ಗಮನಾರ್ಹ.

ಶಾಸನಗಳ ಕಾಲದಲ್ಲಿ ಪಯಣಿಗನ ಆಶ್ರಯವು ದಾನಿಯ ಪುಣ್ಯಕ್ಕೆ ಸಂಬಂಧಿಸಿದ ವಿಷಯವಾಗಿತ್ತು. ಕರ್ನಾಟಕದ ಮಧ್ಯಕಾಲೀನ ಶಾಸನಗಳಲ್ಲಿ ಸತ್ರ, ಅರವಂಟಿಗೆ, ಮಠಗಳಿಗೆ ಬಿಟ್ಟ ಭೂಮಿಯ ಉಲ್ಲೇಖಗಳು ಹೇರಳವಾಗಿವೆ. ಬಳ್ಳಿಗಾವಿಯ ಕೋಡಿಯ ಮಠವನ್ನು ಕುರಿತ 1162ರ ಶಾಸನವು ದೀನರು, ಅನಾಥರು, ಅಂಗವಿಕಲರು ಹಾಗೂ ನಾನಾ ಪಂಥದ ಸನ್ಯಾಸಿಗಳಿಗೆ ಅಲ್ಲಿ ದೊರೆಯುತ್ತಿದ್ದ ಅನ್ನವನ್ನು ಬಣ್ಣಿಸುತ್ತದೆ. ಕ್ಷಪಣಕರನ್ನೂ ಅದು ಬಿಟ್ಟಿಲ್ಲ. ಆದರೆ ಅನ್ನ ಪಡೆಯುವವರ ಈ ಉದ್ದನೆಯ ಪಟ್ಟಿಯೇ ಒಂದು ವರ್ಗೀಕರಣವೂ ಹೌದು. ಬಂದವನನ್ನು ಹೆಸರಿಸಿ, ಪಂಥ ಗುರುತಿಸಿ ನಂತರ ಉಣಬಡಿಸಲಾಗುತ್ತಿತ್ತು. ಬಂದವನು ಯಾರೆಂದು ವಿಚಾರಿಸದೆ ನಮ್ಮವನೆಂದೇ ಎಣಿಸಬೇಕೆಂಬ ಆಶಯವನ್ನು ಬಸವಣ್ಣನವರು ಅದೇ ಶತಮಾನದಲ್ಲಿ ನುಡಿದದ್ದು ಆಕಸ್ಮಿಕವಲ್ಲ. ವಿಚಾರಿಸುವ ರೂಢಿ ಗಟ್ಟಿಯಾಗಿದ್ದಲ್ಲಿಯೇ ಅದನ್ನು ಬಿಡಬೇಕೆಂಬ ಮಾತಿಗೆ ಅರ್ಥ ಬರುತ್ತದೆ. ದಾಸೋಹದ ಈ ಕಲ್ಪನೆಯನ್ನು ಹುಬ್ಬಳ್ಳಿಯ ಸಿದ್ಧಾರೂಢ ಮಠದಂತಹ ಕೇಂದ್ರಗಳು ಆಧುನಿಕ ಕಾಲದವರೆಗೂ ತಂದವು.

ಶಾಸನ ದಾನಿಯ ಕಡೆಯಿಂದ ಮಾತನಾಡಿದರೆ ಜನಪದ ಕಥೆ ಪಯಣಿಗನ ಕಡೆಯಿಂದ ಮಾತನಾಡುತ್ತದೆ. ಕನ್ನಡ ಕಥೆಗಳಲ್ಲಿ ಪರದೇಶಿಯಾಗಿ ಬಂದ ರಾಜಕುಮಾರ ಊರ ಹೊರಗಿನ ಮುದುಕಿಯೊಬ್ಬಳ ಮನೆಯಲ್ಲಿ ಇಳಿದುಕೊಳ್ಳುವುದು ಅತ್ಯಂತ ಪರಿಚಿತವಾದ ಆಶಯ. ಉತ್ತರ ಕರ್ನಾಟಕದ ಪಾಠಗಳಲ್ಲಿ ಅವಳು ಹೂಗಾರ ಮುದುಕಿ, ಉಳಿದೆಡೆ ಅಡುಗೂಲಜ್ಜಿ. ಅಡುಗೂಲಜ್ಜಿ ಎಂಬ ಪದವನ್ನು 'ಅಡು', 'ಕೂಳು', 'ಅಜ್ಜಿ' ಎಂದು ಬಿಡಿಸುವುದುಂಟು. ಅಂದರೆ ದಾರಿಹೋಕರಿಗೆ ಕೂಳು ಬೇಯಿಸಿಕೊಟ್ಟು ಜೀವನ ನಡೆಸುವ ಮುದುಕಿ. 'ಅಡುಗೂಲಜ್ಜಿ ಕಥೆ' ಎಂದರೆ ಇಂದು ಹುರುಳಿಲ್ಲದ ಹಳೆಯ ಕಥೆ ಎಂಬ ಅರ್ಥ ಬಂದಿದೆ. ಪದದೊಳಗೆ ಅಡಗಿರುವ ವೃತ್ತಿಯನ್ನು ಗಮನಿಸಿದರೆ ಆಕೆಯನ್ನು ಕನ್ನಡ ನಾಡಿನ ಮೊದಲ ಹೋಟೆಲಿನ ಒಡತಿ ಎನ್ನಲು ಅಡ್ಡಿಯಿಲ್ಲ.

ಈ ಆಶಯದ ರಚನೆ ಕುತೂಹಲಕಾರಿಯಾಗಿದೆ. ರಾಜಕುಮಾರ ಬಾಗಿಲು ಬಡಿದಾಗ ಮುದುಕಿ ತನಗೇ ಗತಿಯಿಲ್ಲವೆನ್ನುತ್ತಾಳೆ. ಅವನು ಹೊನ್ನು ಕೊಡುತ್ತಾನೆ. ಅವಳು ಸಂತೆಗೆ ಹೋಗಿ ಅಕ್ಕಿ, ಬೇಳೆ ತಂದು ಅಡುಗೆ ಮಾಡುತ್ತಾಳೆ. ಬೆಳಗಾಗುವಷ್ಟರಲ್ಲಿ ಅವನು 'ಮೊಮ್ಮಗ'ನಾಗಿರುತ್ತಾನೆ. ಆಮೇಲೆ ಅರಮನೆಯ ಸುದ್ದಿ, ರಾಜಕುಮಾರಿಯ ಪಣ, ಊರಿನ ಗುಟ್ಟು ಎಲ್ಲವೂ ಅವಳ ಮೂಲಕವೇ ಅವನಿಗೆ ತಿಳಿಯುತ್ತವೆ. ಹಾಸಿಗೆ, ಊಟ, ಊರಿನ ಮಾಹಿತಿ ಇವು ಮೂರೂ ಇಂದಿನ ಹೋಟೆಲಿನ ಸ್ವಾಗತಕಾರರ ಕೆಲಸಗಳೇ. ಇಲ್ಲಿ ಎರಡು ಸಂಗತಿಗಳು ಮುಖ್ಯ. ಮೊದಲನೆಯದಾಗಿ, ಹಣ ಕೊಡುವುದರಿಂದ ಸಂಬಂಧ ಕೆಡುವುದಿಲ್ಲ. ಹಣವೇ ಸಂಬಂಧಕ್ಕೆ ಬಾಗಿಲು ತೆರೆಯುತ್ತದೆ. ಎರಡನೆಯದಾಗಿ, ಮುದುಕಿ 'ಯಾವ ಊರು, ಎಲ್ಲಿಂದ ಬಂದಿ' ಎಂದು ಕೇಳುತ್ತಾಳೆಯೇ ಹೊರತು ಜಾತಿಯ ಪ್ರಶ್ನೆಯನ್ನು ಎತ್ತುವುದು ವಿರಳ. ನಿಜವಾದ ಊರುಗಳಲ್ಲಿ ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನೇ ಕಥೆ ಬಿಟ್ಟುಬಿಟ್ಟಿದೆ. ಇದನ್ನು ಕಥೆಯ ಮರೆವು ಎನ್ನುವುದಕ್ಕಿಂತ ಕಥೆ ಕಟ್ಟಿದವರ ಬಯಕೆ ಎನ್ನುವುದು ಹೆಚ್ಚು ಸಮಂಜಸ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ರಸ್ತೆಯ ಸ್ವರೂಪ ಬದಲಾಯಿತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ (1861–65) ಧಾರವಾಡದ ಹತ್ತಿಗೆ ಬಂದ ಬೇಡಿಕೆ ಗಾಡಿಗಳ ಸಾಲನ್ನು ಹೆಚ್ಚಿಸಿತು. ಹತ್ತಿ ತಂದ ಒಕ್ಕಲಿಗನಿಗೆ ಹುಬ್ಬಳ್ಳಿಯಲ್ಲಿ ಅಡತಿ ಅಂಗಡಿಯ ಪಡಸಾಲೆಯೇ ವಸ್ತಿ. ಬುತ್ತಿಯ ಗಂಟೇ ಊಟ. ಸಂಚಾರದ ಅಧಿಕಾರಿಗಳಿಗೆ ಬಂಗಲೆಗಳಿದ್ದವು. ಇವೇ ಮುಂದೆ 'ಐ.ಬಿ.' ಎಂಬ ಎರಡಕ್ಷರದಲ್ಲಿ ಹಳ್ಳಿಗರ ಬಾಯಿಗೂ ಬಂದವು. ಉಳಿದವರಿಗೆ ಧರ್ಮಶಾಲೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದ ಮೇಲೆ ನಿಲ್ದಾಣದಲ್ಲೂ ಇದೇ ಶ್ರೇಣೀಕರಣ ಮುಂದುವರಿಯಿತು. ಮೇಲ್ದರ್ಜೆಯವರಿಗೆ ವಿಶ್ರಾಂತಿ ಕೊಠಡಿ, ಮೂರನೆಯ ದರ್ಜೆಯವರಿಗೆ ಮುಸಾಫಿರಖಾನಾ. ರೈಲು ಎಲ್ಲರನ್ನೂ ಒಂದೇ ಹಳಿಯ ಮೇಲೆ ಒಯ್ದಿತೆಂಬುದು ನಿಜ. ಇಳಿದ ಮೇಲೆ ಹಳೆಯ ಬಾಗಿಲುಗಳೇ ಕಾದಿದ್ದವು.

ಧರ್ಮಶಾಲೆ ಎಂಬ ಹೆಸರು ಎಲ್ಲರನ್ನೂ ಒಳಗೊಳ್ಳುವಂತೆ ತೋರಿದರೂ ವಾಸ್ತವ ಹಾಗಿರಲಿಲ್ಲ. ಇದಕ್ಕೆ ಸ್ಪಷ್ಟ ಪುರಾವೆ 1923ರ ಆಗಸ್ಟ್ 4ರಂದು ಮುಂಬಯಿ ವಿಧಾನ ಪರಿಷತ್ತು ಅಂಗೀಕರಿಸಿದ, ಎಸ್.ಕೆ. ಬೋಲೆ ಅವರ ನಿರ್ಣಯ. ಸಾರ್ವಜನಿಕ ಹಣದಿಂದ ಕಟ್ಟಿ ನಡೆಸುವ ನೀರಿನ ತಾಣ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆಗಳನ್ನು ಅಸ್ಪೃಶ್ಯರು ಬಳಸಲು ಅವಕಾಶವಿರಬೇಕೆಂದು ಅದು ಶಿಫಾರಸು ಮಾಡಿತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತದ ಭಾಗವಾದ್ದರಿಂದ ಈ ನಿರ್ಣಯ ಇಲ್ಲಿನ ರಸ್ತೆಗಳಿಗೂ ಅನ್ವಯಿಸುತ್ತಿತ್ತು. ಬಾವಿಯ ಜೊತೆಗೇ ಧರ್ಮಶಾಲೆಯ ಹೆಸರು ಬಂದಿರುವುದನ್ನು ವಿದ್ವಾಂಸರು ಅಷ್ಟಾಗಿ ಎತ್ತಿ ಹೇಳಿಲ್ಲ. ನೀರಿನಷ್ಟೇ ರಾತ್ರಿಯ ಸೂರು ಕೂಡ ನಿರಾಕರಿಸಲ್ಪಟ್ಟ ವಸ್ತುವಾಗಿತ್ತು. ಖಾಸಗಿ ದಾನಿಗಳ ಧರ್ಮಶಾಲೆಗಳನ್ನು ನಿರ್ಣಯ ಮುಟ್ಟಲೇ ಇಲ್ಲವೆಂಬುದನ್ನೂ ಗಮನಿಸಬೇಕು.

ಈ ನಿರಾಕರಣೆಯ ಅತ್ಯಂತ ತೀಕ್ಷ್ಣ ವಿವರ ಡಾ. ಬಿ.ಆರ್. ಅಂಬೇಡ್ಕರ್ ಅವರ ಆತ್ಮಕಥನಾತ್ಮಕ ಬರಹದಲ್ಲಿದೆ. ವಿದೇಶದಲ್ಲಿ ಓದಿ ಬಂದ ಅವರು ಬರೋಡಾ ಸಂಸ್ಥಾನದ ನೌಕರಿಗೆ ಸೇರಲು ಹೋದಾಗ ಹಿಂದೂ ಹೋಟೆಲುಗಳ ಬಾಗಿಲು ತೆರೆಯದೆಂದು ತಿಳಿದು ಪಾರ್ಸಿ ವಸತಿಗೃಹವೊಂದನ್ನು ಹುಡುಕಿದರು. ಅದು ಪಾರ್ಸಿಗಳಿಗೆ ಮಾತ್ರ ಮೀಸಲು. ಉಸ್ತುವಾರಿಯವನು ದಿನಕ್ಕೆ ಒಂದೂವರೆ ರೂಪಾಯಿ ಪಡೆದು, ದಾಖಲೆ ಪುಸ್ತಕದಲ್ಲಿ ಪಾರ್ಸಿ ಹೆಸರೊಂದನ್ನು ಬರೆಯುವುದಾದರೆ ಇರಬಹುದೆಂದ. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪೊಂದು ಬಂದು ಅವರನ್ನು ಹೊರಹಾಕಿತು. ಅಡುಗೂಲಜ್ಜಿಯ ಮನೆಯಲ್ಲಿ ಹೊನ್ನು ಕೊಟ್ಟವನು ಮೊಮ್ಮಗನಾಗುತ್ತಾನೆ. ಬರೋಡಾದಲ್ಲಿ ಹಣ ಕೊಟ್ಟವನೂ ಹೆಸರು ಬದಲಿಸಬೇಕಾಯಿತು, ಬದಲಿಸಿದರೂ ಉಳಿಯಲಿಲ್ಲ. ಕಥೆಗೂ ಚರಿತ್ರೆಗೂ ನಡುವಿನ ಅಂತರವನ್ನು ಅಳೆಯಲು ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಮುಂದೆ ಅಂಬೇಡ್ಕರರ ಪ್ರಯತ್ನದಿಂದ ಮುಂಬಯಿ ಪ್ರಾಂತದಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ವಸತಿ ನಿಲಯಗಳು ಪ್ರಾರಂಭವಾದಾಗ ಅವುಗಳಲ್ಲೊಂದು ಧಾರವಾಡಕ್ಕೆ ದೊರೆತದ್ದು ಈ ನಗರದ ವಸತಿಯ ಚರಿತ್ರೆಯಲ್ಲಿ ಮುಖ್ಯ ಘಟನೆ.

ಐಷಾರಾಮಿ ಹೋಟೆಲಿಗೂ ಇದೇ ಬಗೆಯ ಐತಿಹ್ಯ ಅಂಟಿಕೊಂಡಿದೆ. ಜಮಶೇಟಜಿ ಟಾಟಾ ಅವರಿಗೆ ಮುಂಬಯಿಯ ವಾಟ್ಸನ್ ಹೋಟೆಲು ಪ್ರವೇಶ ನಿರಾಕರಿಸಿತು, ಆ ಅವಮಾನದಿಂದ 1903ರಲ್ಲಿ ತಾಜ್ ಮಹಲ್ ಹೋಟೆಲು ತೆರೆಯಿತು ಎಂದು ಜನ ಹೇಳುತ್ತಾರೆ. ಇತಿಹಾಸಕಾರರು ಇದನ್ನು ಸಂದೇಹದಿಂದ ಕಾಣುತ್ತಾರೆ. ಜಾನಪದದ ದೃಷ್ಟಿಯಿಂದ ಐತಿಹ್ಯದ ಸತ್ಯಾಸತ್ಯತೆಗಿಂತ ಅದರ ಬಾಳಿಕೆ ಮುಖ್ಯ. ಮುಚ್ಚಿದ ಬಾಗಿಲಿನ ಮುಂದೆ ನಿಂತವನ ಕಥೆಯಾಗಿ ಹೇಳಿದಾಗ ಮಾತ್ರ ಅರಮನೆಯಂತಹ ಹೋಟೆಲನ್ನು ಜನ ತಮ್ಮದೆಂದು ಒಪ್ಪಿಕೊಂಡರು.

ಸ್ವಾತಂತ್ರ್ಯಾನಂತರ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶದಲ್ಲಿ ತಾರತಮ್ಯವನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹೋಟೆಲು, ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನು ಒಂದೊಂದಾಗಿ ಹೆಸರಿಸಿತು. ತಂಗುದಾಣದ ನಾನಾ ಕಾಲದ ಹೆಸರುಗಳೆಲ್ಲ ಒಂದೇ ಕಲಮಿನಲ್ಲಿ ಕೂಡಿದ್ದು ಇಲ್ಲಿಯೇ. ಹುಬ್ಬಳ್ಳಿ ಮತ್ತು ಧಾರವಾಡಗಳು 1962ರಲ್ಲಿ ಒಂದೇ ಪಾಲಿಕೆಯಡಿ ಬಂದವು. ಬೋರ್ಡಿಂಗ್–ಲಾಡ್ಜಿಂಗ್ ಫಲಕಗಳು ಬಸ್ ನಿಲ್ದಾಣಗಳ ಸುತ್ತ ಎದ್ದವು. ಹುಬ್ಬಳ್ಳಿ 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರವಾಯಿತು. 2008ರಲ್ಲಿ ಧಾರವಾಡಕ್ಕೆ ಉಚ್ಚ ನ್ಯಾಯಾಲಯದ ಪೀಠ ಬಂದಿತು. ಕಕ್ಷಿದಾರರು, ವಕೀಲರು, ವ್ಯಾಪಾರಿಗಳು ಬಂದಂತೆ ವಸತಿಯ ದರ್ಜೆಗಳೂ ಹೆಚ್ಚಿದವು. ಚಂದ್ರಮೌಳೇಶ್ವರ ದೇಗುಲದ ಉಣಕಲ್ಲಿನಲ್ಲಿ, ಕೆರೆಯ ನೋಟವನ್ನೇ ಆಕರ್ಷಣೆಯಾಗಿಸಿಕೊಂಡು ತಾರಾ ಹೋಟೆಲು ತಲೆಯೆತ್ತಿತು.

ತಾರಾ ಹೋಟೆಲು ಜಾತಿಯನ್ನು ಕೇಳುವುದಿಲ್ಲ. ಈ ರಸ್ತೆಯ ಚರಿತ್ರೆಯಲ್ಲಿ ಇದು ಸಣ್ಣ ಮಾತಲ್ಲ. ತಂಪು ಗಾಳಿ, ಬಿಸಿನೀರು, ಬಿಳಿಯ ಹಾಸಿಗೆಗಳಿಗಿಂತ ದೊಡ್ಡ ಸುಖ ಅದು. ಆದರೆ ಪ್ರಶ್ನೆ ಮಾಯವಾಗಿಲ್ಲ. ಗುರುತಿನ ಚೀಟಿ, ದೂರವಾಣಿ ಸಂಖ್ಯೆ, ಬಂದ ಊರು, ಹೋಗುವ ಊರು ಎಲ್ಲವನ್ನೂ ಬರೆಯಬೇಕು. ಅಜ್ಜಿಯ ಪ್ರಶ್ನೆ ಮಾತಿಗೆ ಮೊದಲಾಗಿತ್ತು. ಇಲ್ಲಿಯ ಪ್ರಶ್ನೆ ದಾಖಲೆಗೆ. 'ಅತಿಥಿ' ಎಂಬ ಪದವನ್ನು ತಿಥಿಯಿಲ್ಲದೆ ಬರುವವನು ಎಂದು ಅರ್ಥೈಸುವುದುಂಟು. ಬರುವ ದಿನ, ಹೊರಡುವ ಗಂಟೆ ಮೊದಲೇ ನಿಗದಿಯಾದ ಹೋಟೆಲಿನ ಅತಿಥಿಗೆ ಆ ಅರ್ಥ ಹೇಗೂ ಒಪ್ಪುವುದಿಲ್ಲ.

ತೆರಿಗೆಯ ವಿಷಯದಲ್ಲೂ ಚರಿತ್ರೆ ತಿರುಗಿ ನಿಂತಿದೆ. ಸತ್ರಕ್ಕೆ ಬಿಟ್ಟ ಭೂಮಿಯನ್ನು ಶಾಸನಗಳು ಸರ್ವಮಾನ್ಯ, ಸರ್ವಬಾಧಾಪರಿಹಾರ ಎಂದು ಕರೆದು ತೆರಿಗೆಯಿಂದ ಬಿಡಿಸುತ್ತಿದ್ದವು. ಕರ್ನಾಟಕದ 1979ರ ವಿಲಾಸ ತೆರಿಗೆ ಕಾಯಿದೆಯು ಹೋಟೆಲು ಕೊಠಡಿಯ ವಾಸವನ್ನು ತೆರಿಗೆಗೆ ಒಳಪಡುವ ವಿಲಾಸವಾಗಿಸಿತು. 2017ರ ಜುಲೈ 1ರಂದು ಆ ತೆರಿಗೆ ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು. ದಿನಕ್ಕೆ 1000 ರೂಪಾಯಿಯೊಳಗಿನ ಕೊಠಡಿಗಳಿಗಿದ್ದ ವಿನಾಯಿತಿಯನ್ನು 2022ರ ಜುಲೈ 18ರಿಂದ ಹಿಂತೆಗೆದುಕೊಂಡಾಗಲೂ ಧಾರ್ಮಿಕ ದತ್ತಿ ಸಂಸ್ಥೆಗಳು ತಮ್ಮ ಕ್ಷೇತ್ರದ ಆವರಣದಲ್ಲಿ ನೀಡುವ ಅಗ್ಗದ ಕೊಠಡಿಗಳಿಗೆ ವಿನಾಯಿತಿ ಉಳಿಯಿತು. ಸರ್ವಮಾನ್ಯದ ನೆರಳು ಇಷ್ಟರಲ್ಲಿ ಮಾತ್ರ ಕಾಣುತ್ತದೆ.

ವಸ್ತಿಯ ಪದ್ಧತಿ ಪೂರ್ತಿ ಅಳಿದಿಲ್ಲ. ಉಳವಿಯ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಹೊರಡುವ ಚಕ್ಕಡಿಗಳು ಇಂದಿಗೂ ದಾರಿಯ ಊರುಗಳಲ್ಲಿ ವಸ್ತಿ ಇಳಿಯುತ್ತವೆ. ಎತ್ತಿಗೆ ಮೇವು, ಜನಕ್ಕೆ ರೊಟ್ಟಿ–ಪಲ್ಯ ಊರವರದ್ದು. ಇದು ಭಕ್ತರಿಗೆ ಸಲ್ಲುವ ವಸ್ತಿ. ಎಲ್ಲ ದಾರಿಹೋಕರಿಗೂ ಅಲ್ಲ. ಹೆದ್ದಾರಿಯಲ್ಲಿ ಸರಕು ಸಾಗಿಸುವ ಲಾರಿಯ ಚಾಲಕನಿಗೆ ರಾತ್ರಿಯ ಆಶ್ರಯ ತನ್ನ ಕ್ಯಾಬಿನ್ನು, ಇಲ್ಲವೇ ಧಾಬಾದ ಹೊರಸು. ತಾರಾ ಹೋಟೆಲಿನ ಮುಂದೆ ಅತಿಥಿಯನ್ನು ಇಳಿಸಿದ ಬಾಡಿಗೆ ಕಾರಿನ ಚಾಲಕ ಅನೇಕ ವೇಳೆ ವಾಹನ ನಿಲುಗಡೆಯ ಜಾಗದಲ್ಲಿ ಸೀಟನ್ನು ಹಿಂದಕ್ಕೆ ಬಾಗಿಸಿ ಮಲಗುತ್ತಾನೆ. ಹೋಟೆಲಿನ ದಾಖಲೆ ಪುಸ್ತಕದಲ್ಲಿ ಅವನ ಹೆಸರು ಇರುವುದಿಲ್ಲ.