ಮಾರಾಟವಾದ ಮೇಲಿನ 28 ದಿನ: ವಿಜಯಪುರ ಸೀಮೆಯ ದನದ ಜಾತ್ರೆ ಮತ್ತು ಅಂಟುರೋಗದ ತಡೆ

ಮಕರ ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಅಂಗವಾಗಿ ತೊರವಿಯ ಬಯಲಿನಲ್ಲಿ ಕೂಡುವ ಜಾನುವಾರು ಜಾತ್ರೆಯಲ್ಲಿ ಖಿಲ್ಲಾರಿ ಎತ್ತು, ಹೋರಿಗಳ ವ್ಯಾಪಾರಕ್ಕೆ ತನ್ನದೇ ಶಾಸ್ತ್ರವಿದೆ. ಕೊಳ್ಳುವವನು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದೆಯೋ ಎಂದು ವಯಸ್ಸು ತಿಳಿಯುತ್ತಾನೆ. ಮೈಮೇಲಿನ ಸುಳಿ, ಕೋಡಿನ ತಿರುವು, ಗೊರಸಿನ ಬಣ್ಣ, ನಡಿಗೆಯ ಚುರುಕು ಎಲ್ಲವನ್ನೂ ಅಳೆದು, ದಲ್ಲಾಳಿಯೊಡನೆ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮುಗಿಸುತ್ತಾನೆ. ತಲೆಮಾರುಗಳಿಂದ ಪಳಗಿದ ಈ ಕಣ್ಣಿಗೂ ಕಾಣದ ಸಂಗತಿಯೊಂದಿದೆ. ರೋಗ ಒಳಹೊಕ್ಕು ಹೊರಗೆ ತೋರದಿರುವ ಕಾಲ ಅದು. ಕಾಲುಬಾಯಿ ಬೇನೆ ಸೋಂಕಿದ ದನದಲ್ಲಿ ಲಕ್ಷಣ ಕಾಣಲು ಸಾಮಾನ್ಯವಾಗಿ 2ರಿಂದ 14 ದಿನ ಹಿಡಿಯುತ್ತದೆ. ಬಾಯಲ್ಲಿ ಹುಣ್ಣು ಒಡೆಯುವ ಮೊದಲೇ ಜೊಲ್ಲಿನಲ್ಲಿ, ಹಾಲಿನಲ್ಲಿ ವೈರಾಣು ಹೊರಬೀಳತೊಡಗಿರುತ್ತದೆ. ಚರ್ಮಗಂಟು ರೋಗದಲ್ಲಿ ಲಕ್ಷಣ ಕಾಣುವವರೆಗೆ ಎಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಇಟ್ಟುಕೊಂಡಿರುವ ಕಾಲಾವಧಿ 28 ದಿನ.

ಜಾತ್ರೆಗಳ ಮೂಲಕ ರೋಗ ಹರಡುವುದನ್ನು ತಡೆಯುವ ನಮ್ಮ ಕ್ರಮಗಳೆಲ್ಲ ಈಗ ಜಾತ್ರೆಯ ಬಯಲಿನ ಸುತ್ತಲೇ ನಿಂತಿವೆ. ರೋಗವಿಲ್ಲದ ವರ್ಷ ಜಾತ್ರೆಗೆ ಅನುಮತಿ ಸಿಗುತ್ತದೆ, ಬಯಲಿನಲ್ಲಿ ಪಶು ವೈದ್ಯರ ಶಿಬಿರ ನಡೆಯುತ್ತದೆ. ರೋಗವಿರುವ ವರ್ಷ ಪೂರ್ತಿ ನಿಷೇಧ. ತಡೆಯ ಹೆಚ್ಚಿನ ಕೆಲಸ ನಡೆಯಬೇಕಾದದ್ದು ಜಾತ್ರೆಗೆ ನಾಲ್ಕು ವಾರ ಮೊದಲು ಮತ್ತು ಜಾತ್ರೆ ಮುಗಿದ ನಾಲ್ಕು ವಾರಗಳ ತನಕ, ಮಾರುವವನ ಮತ್ತು ಕೊಳ್ಳುವವನ ಕೊಟ್ಟಿಗೆಗಳಲ್ಲಿ ಎಂಬುದು ಈ ಲೇಖನದ ವಾದ. ವಿಜಯಪುರ ನಗರದ ಸಮೀಪದ ಇಟ್ಟಂಗಿಹಾಳ, ಅದರ ಸುತ್ತಲಿನ ತೊರವಿ, ತಿಕೋಟಾ, ಬಬಲೇಶ್ವರ ಭಾಗವನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಈ ಭಾಗದ ದನದ ವ್ಯಾಪಾರಕ್ಕೆ ರಾಜ್ಯದ ಗಡಿ ಎಂದೂ ಅಡ್ಡ ಬಂದಿಲ್ಲ. ಖಿಲ್ಲಾರಿ ತಳಿಯ ಸೀಮೆಯೇ ಸಾತಾರಾ, ಸಾಂಗ್ಲಿ, ಸೊಲ್ಲಾಪುರ, ವಿಜಯಪುರಗಳನ್ನು ಒಟ್ಟಿಗೆ ಒಳಗೊಂಡದ್ದು. ತಿಕೋಟಾದಿಂದ ಪಶ್ಚಿಮಕ್ಕೆ ನಡೆದರೆ ಜತ್ತ, ವಿಜಯಪುರದಿಂದ ಉತ್ತರಕ್ಕೆ ಹೋದರೆ ಸೊಲ್ಲಾಪುರ. ಸೊಲ್ಲಾಪುರದಲ್ಲೂ ಸಿದ್ಧರಾಮೇಶ್ವರನ ಜಾತ್ರೆ ನಡೆಯುವುದು ಇದೇ ಸಂಕ್ರಾಂತಿಗೆ. ಪಂಢರಪುರದ ಕಾರ್ತಿಕ ಯಾತ್ರೆಯಲ್ಲಿ ದನದ ದೊಡ್ಡ ಪೇಟೆ ಕೂಡುತ್ತದೆ. ಸಾಂಗೋಲೆಯ ವಾರದ ಸಂತೆಯೂ ದನಕ್ಕೆ ಹೆಸರಾದದ್ದು. ಒಂದು ಪೇಟೆಯಲ್ಲಿ ಬೆಲೆ ಒಗ್ಗದ ಜೋಡಿಯನ್ನು ಮತ್ತೊಂದಕ್ಕೆ ಹೊಡೆದುಕೊಂಡು ಹೋಗುವುದು ವ್ಯಾಪಾರದ ಸಹಜ ರೀತಿ. ಕಾರ್ತಿಕದಿಂದ ಸಂಕ್ರಾಂತಿವರೆಗಿನ ಈ ಸರಣಿಯಲ್ಲಿ ಒಂದು ಪೇಟೆಯ ಸೋಂಕು ಮುಂದಿನ ಪೇಟೆಗೆ ತಲುಪಲು ಬೇಕಾದಷ್ಟು ಸಮಯವಿದೆ. ಒಂದು ರಾಜ್ಯ ಮಾತ್ರ ಬಾಗಿಲು ಹಾಕಿದರೆ ಇಲ್ಲಿ ಪ್ರಯೋಜನ ಕಡಿಮೆ.

ಮಾರಾಟವಾದ ದನಕ್ಕಿಂತ ಮಾರದೆ ಉಳಿದ ದನದ ಬಗ್ಗೆ ನಾವು ಯೋಚಿಸುವುದು ಇನ್ನೂ ಕಡಿಮೆ. ಹೊಸದಾಗಿ ಕೊಂಡು ತಂದ ಎತ್ತನ್ನು ನಾಲ್ಕು ದಿನ ಬೇರೆ ಕಟ್ಟುವ ರೈತರಾದರೂ ಸಿಗುತ್ತಾರೆ. ಜಾತ್ರೆಯ ಸಾಲಿನಲ್ಲಿ ಹಲವು ದಿನ ಬೇರೆ ಊರಿನ ದನಗಳ ಪಕ್ಕ ನಿಂತು, ಅದೇ ತೊಟ್ಟಿಯ ನೀರು ಕುಡಿದು, ಅದೇ ನೆಲದ ಕಣಿಕಿ ತಿಂದು ಮರಳಿದ ಸ್ವಂತ ಎತ್ತನ್ನು ಬೇರೆ ಕಟ್ಟಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಅದು ಮನೆಯ ದನ. ಸೀದಾ ತನ್ನ ಗೋದಲಿಗೆ ಬಂದು ನಿಲ್ಲುತ್ತದೆ. ಪಕ್ಕದಲ್ಲಿ ಹಾಲು ಕರೆಯುವ ಆಕಳು, ಎಮ್ಮೆ, ಕರು. ಸೋಂಕಿನ ದೃಷ್ಟಿಯಿಂದ ಮರಳಿದ ದನಕ್ಕೂ ಕೊಂಡ ದನಕ್ಕೂ ಯಾವ ವ್ಯತ್ಯಾಸವೂ ಇಲ್ಲ.

ರೋಗಗಳಿಗೂ ತಮ್ಮ ಋತುಮಾನವಿದೆ. ಚರ್ಮಗಂಟು ರೋಗ ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳ ಮೂಲಕ ಹರಡುವಂಥದ್ದು. ಮಳೆಗಾಲ ಮತ್ತು ಅದರ ಬೆನ್ನಿಗೆ ಬರುವ ತಿಂಗಳುಗಳು ಅದರ ಕಾಲ. ಹೀಗೆ ನೋಡಿದರೆ ಸಂಕ್ರಾಂತಿಯ ಜಾತ್ರೆಗಿಂತ, ಊರಿನ ಎತ್ತುಗಳೆಲ್ಲ ಸಿಂಗಾರಗೊಂಡು ಅಗಸಿಯ ಮುಂದೆ ಸೇರಿ ಕರಿ ಹರಿಯುವ ಕಾರ ಹುಣ್ಣಿಮೆಯಲ್ಲಿ ಚರ್ಮಗಂಟಿನ ಭಯ ಹೆಚ್ಚು. ಕಾಲುಬಾಯಿ ಬೇನೆಯ ವೈರಾಣು ನೊಣಕ್ಕಾಗಿ ಕಾಯುವುದಿಲ್ಲ. ಉಸಿರು, ಜೊಲ್ಲು, ಹಗ್ಗ, ಬಕೆಟ್ಟು, ದಲ್ಲಾಳಿಯ ಚಪ್ಪಲಿ ಎಲ್ಲವೂ ಅದಕ್ಕೆ ದಾರಿ. ತಂಪು ಹವೆಯಲ್ಲಿ ಹೊರಗೆ ಹೆಚ್ಚು ಕಾಲ ಬದುಕುತ್ತದೆ. ಜನವರಿಯ ಚಳಿಯ ಜಾತ್ರೆಗೆ ದೊಡ್ಡ ಶತ್ರು ಇದೇ. ಎರಡಕ್ಕೂ ಒಂದೇ ಬಗೆಯ ಆದೇಶ ಹೊರಡಿಸುವುದು ಆಡಳಿತಕ್ಕೆ ಸುಲಭವಾಗಬಹುದು, ರೋಗದ ಸ್ವಭಾವಕ್ಕೆ ಹೊಂದುವುದಿಲ್ಲ.

ರಾಜ್ಯಕ್ಕೆ ಈ ಎರಡೂ ರೋಗಗಳ ಕಹಿ ಅನುಭವವಿದೆ. 2013ರಲ್ಲಿ ಕಾಲುಬಾಯಿ ಬೇನೆಗೆ ಕರ್ನಾಟಕದಲ್ಲಿ ಸಾವಿರಾರು ದನಗಳು ಸತ್ತವು. ದಕ್ಷಿಣದ ಜಿಲ್ಲೆಗಳ ಮಿಶ್ರತಳಿ ಹಸುಗಳು ವಿಶೇಷವಾಗಿ ನರಳಿದವು. ಭಾರತದಲ್ಲಿ ಮೊದಲ ಸಲ 2019ರಲ್ಲಿ ಒಡಿಶಾದಲ್ಲಿ ಕಾಣಿಸಿದ ಚರ್ಮಗಂಟು ರೋಗ 2022ರಲ್ಲಿ ದೇಶದಾದ್ಯಂತ ಒಂದೂವರೆ ಲಕ್ಷಕ್ಕೂ ಹೆಚ್ಚು ದನಗಳನ್ನು ಕೊಂದಿತು. ಕರ್ನಾಟಕದಲ್ಲಿ ಹಾವೇರಿಯಂಥ ಜಿಲ್ಲೆಗಳು ತತ್ತರಿಸಿದವು. ಸಂತೆ, ಜಾತ್ರೆ, ಸಾಗಾಟಗಳಿಗೆ ನಿರ್ಬಂಧ ಬಂತು. ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರವನ್ನು ಸರ್ಕಾರ ಪ್ರಕಟಿಸಿತು.

ರೋಗ ಉರಿಯುತ್ತಿರುವಾಗ ನಿಷೇಧ ಬೇಕೇಬೇಕು. ಅದನ್ನು ಪ್ರಶ್ನಿಸುವುದು ಸರಿಯಲ್ಲ. ಆದರೆ ಸಂತೆ ನಿಂತ ಮಾತ್ರಕ್ಕೆ ಮಾರಾಟ ನಿಲ್ಲುವುದಿಲ್ಲ. ಮಗಳ ಮದುವೆಗೋ ಸೊಸೈಟಿ ಸಾಲಕ್ಕೋ ಹಣ ಬೇಕಾದವನು ಮನೆಬಾಗಿಲಲ್ಲೇ ಮಾರುತ್ತಾನೆ. ಮೇವು ತೀರಿದ ಬರಗಾಲದಲ್ಲಂತೂ ಕೇಳುವುದೇ ಬೇಡ. ದಲ್ಲಾಳಿ ಊರೂರು ತಿರುಗಿ ಒಂದೊಂದೇ ದನ ಎತ್ತಿ, ಒಂದೇ ಗಾಡಿಯಲ್ಲಿ ತುಂಬಿ ಒಯ್ಯುತ್ತಾನೆ. ಪೇಟೆಯಲ್ಲಾದರೆ ಎಪಿಎಂಸಿಯ ಪಾವತಿಯಾದರೂ ಉಳಿಯುತ್ತಿತ್ತು. ಇಲ್ಲಿ ಯಾವ ಗುರುತೂ ಇಲ್ಲ. ರೋಗ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹಿಂಬಾಲಿಸುವ ದಾರಿಯೇ ಅಳಿಸಿಹೋಗುತ್ತದೆ.

ಬ್ರಿಟನ್ನಿನ 2001ರ ಅನುಭವವನ್ನು ಇಲ್ಲಿ ನೆನೆಯಬೇಕು. ಆ ವರ್ಷ ಫೆಬ್ರುವರಿಯಲ್ಲಿ ಕಾಲುಬಾಯಿ ಬೇನೆ ಪತ್ತೆಯಾದಾಗ ಅದು ಆಗಲೇ ಹೆಕ್ಸಮ್, ಲಾಂಗ್‌ಟೌನ್ ಪೇಟೆಗಳನ್ನು ದಾಟಿ ದೇಶದ ನಾನಾ ಭಾಗಗಳಿಗೆ ಕುರಿಗಳ ಮೂಲಕ ಹಬ್ಬಿತ್ತು. ಕುರಿಯಲ್ಲಿ ಈ ಬೇನೆ ಸೌಮ್ಯ. ಸ್ವಲ್ಪ ಕುಂಟಿ ಸುಮ್ಮನಾಗುತ್ತದೆ. ಪೇಟೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಅರವತ್ತು ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. ಹಾಗೆ ಕೊಲ್ಲುವುದು ನಮ್ಮ ನಾಡಿನಲ್ಲಿ ಆಗದ ಮಾತು, ಆಗಬಾರದ ಮಾತು. ನಮಗೆ ಬೇಕಾದ ಪಾಠ ಅದರ ನಂತರದ್ದು. ಹೊರಗಿನಿಂದ ಒಂದು ದನ ಅಥವಾ ಕುರಿ ಒಳಬಂದರೆ ಆ ಹೊಲಮನೆಯಿಂದ ನಿಗದಿತ ದಿನಗಳ ತನಕ ದನ, ಕುರಿ ಹೊರಹೋಗಬಾರದೆಂಬ ನಿಯಮವನ್ನು ಅವರು ತಂದರು. ಇಂಗ್ಲೆಂಡಿನಲ್ಲಿ ಅದು ಆರು ದಿನಕ್ಕೆ ನಿಂತಿತು. ಪೇಟೆಗಳನ್ನು ಕಾಯಂ ಮುಚ್ಚುವ ಬದಲು ಒಂದು ಖರೀದಿಗೂ ಮುಂದಿನ ಮಾರಾಟಕ್ಕೂ ನಡುವೆ ಬಿಡುವು ಇಟ್ಟರು. ಪೇಟೆಯಿಂದ ಪೇಟೆಗೆ ಓಡುವ ಸೋಂಕಿಗೆ ಇದೇ ದೊಡ್ಡ ಅಡ್ಡಿ.

ಕುರಿಯ ಮಾತು ನಮ್ಮ ಸೀಮೆಗೂ ಸಲ್ಲುತ್ತದೆ. ಹೊಲಕ್ಕೆ ಗೊಬ್ಬರವಾಗಲೆಂದು ರೈತರು ಕುರಿ ಹಿಂಡು ತರುಬಿಸುತ್ತಾರೆ. ತಿಕೋಟಾ ಭಾಗದ ದ್ರಾಕ್ಷಿ ತೋಟಗಳಿಗೂ ಹಿಕ್ಕೆಗೊಬ್ಬರಕ್ಕೆ ಬೇಡಿಕೆಯಿದೆ. ಹಿಂಡು ಹೊಲದಿಂದ ಹೊಲಕ್ಕೆ, ಊರಿಂದ ಊರಿಗೆ ಸಾಗುತ್ತದೆ. ದನಗಳ ಸಾಗಾಟದ ಮೇಲೆ ಆದೇಶ ಬಂದಾಗಲೂ ಹಿಂಡಿನ ದಾರಿಯನ್ನು ಯಾರೂ ಗಮನಿಸುವುದಿಲ್ಲ. ಕುರಿಗಾಹಿಯನ್ನು ತಡೆದು ನಿಲ್ಲಿಸುವುದು ಪರಿಹಾರವಾಗಲಾರದು, ನಿಂತರೆ ಅವನ ಬದುಕೇ ನಿಲ್ಲುತ್ತದೆ. ಹಿಂಡು ತಂಗಿದ ಹೊಲಕ್ಕೆ ಕೆಲವು ವಾರ ದನ ಬಿಡದಿರುವುದು, ಊರ ಕೆರೆಯಲ್ಲಿ ಹಿಂಡಿಗೂ ದನಕ್ಕೂ ನೀರಿನ ಜಾಗ ಬೇರೆ ಮಾಡುವುದು ಮಾತ್ರ ಯಾವ ಊರಿಗೂ ಭಾರವಲ್ಲ.

ಲಸಿಕೆಯಲ್ಲೂ ದಿನಗಳ ಲೆಕ್ಕವೇ ಮುಖ್ಯ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಕಾಲುಬಾಯಿ ಲಸಿಕೆ ಆರು ತಿಂಗಳಿಗೊಮ್ಮೆ ಉಚಿತ. ಮೊದಲ ಸಲ ಹಾಕಿಸಿಕೊಳ್ಳುವ, ನಾಲ್ಕು ತಿಂಗಳು ದಾಟಿದ ಕರುವಿಗೆ ತಿಂಗಳ ಮೇಲೆ ಮತ್ತೊಂದು ಚುಚ್ಚುಮದ್ದು ಬೇಕು. ಲಸಿಕೆಯ ಬಲ ಮೈಯಲ್ಲಿ ಕೂಡಿಬರಲು ಎರಡು ಮೂರು ವಾರ ಹಿಡಿಯುತ್ತದೆ. ಜಾತ್ರೆಯ ಬಯಲಿನಲ್ಲಿ ನಿಂತ ದನಕ್ಕೆ ಅಲ್ಲೇ ಹಾಕುವ ಲಸಿಕೆ ಆ ವಾರದ ಸೋಂಕಿನಿಂದ ಕಾಪಾಡದು. ಅದೇ ಸೂಜಿ ಒಂದರಿಂದ ಮತ್ತೊಂದಕ್ಕೆ ಹೋದರೆ ಅಪಾಯವೇ ಹೆಚ್ಚಬಹುದು. ಶಿಬಿರದ ಸದುದ್ದೇಶವನ್ನು ಗೌರವಿಸುತ್ತಲೇ ಅದು ಒಂದು ತಿಂಗಳು ತಡವಾಗಿ ನಡೆಯುತ್ತಿದೆ ಎಂದು ಹೇಳಬೇಕಾಗಿದೆ.

ಕಂದು ರೋಗದ ವಿಷಯ ಇನ್ನೂ ಸೂಕ್ಷ್ಮ. ಕಂದು ಹಾಕಿದ ಆಕಳನ್ನು, ಎಮ್ಮೆಯನ್ನು ಮನೆಯಲ್ಲಿ ಇಟ್ಟುಕೊಂಡರೆ ನಷ್ಟವೆಂದು ಬೇಗ ಮಾರಿಬಿಡುವ ಆತುರ ಸಹಜ. ಬ್ರೂಸೆಲ್ಲಾ ಸೋಂಕು ಮನೆಯಿಂದ ಮನೆಗೆ ಹೋಗುವುದು ಹೀಗೆ. ಇದಕ್ಕೆ 28 ದಿನದ ಕಾಯುವಿಕೆ ಸಾಲದು, ರಕ್ತ ಅಥವಾ ಹಾಲಿನ ಪರೀಕ್ಷೆಯೇ ಬೇಕು. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಮ್ಮೆ ಹಾಕುವ ಲಸಿಕೆ ಅದೇ ಕಾರ್ಯಕ್ರಮದಲ್ಲಿದೆ. ಹಸಿ ಹಾಲು ಕುಡಿದವರಿಗೂ, ಕಂದು ಬಿದ್ದದ್ದನ್ನು ಬರಿಗೈಯಲ್ಲಿ ಎತ್ತಿದವರಿಗೂ ಈ ರೋಗ ಅಂಟಿ ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಜ್ವರ ಕಾಡುತ್ತದೆ. ಕೊಟ್ಟಿಗೆ ಬಳಿಯುವ, ಹಾಲು ಕರೆಯುವ ಹೆಣ್ಣುಮಕ್ಕಳು ಇದರ ಬಾಯಿಗೆ ಮೊದಲು ಸಿಗುತ್ತಾರೆ. ಈ ಕಾರಣಕ್ಕೇ ತಿಳಿವಳಿಕೆಯ ಸಭೆಗಳನ್ನು ಗಂಡಸರ ಕಟ್ಟೆಯಿಂದ ಮನೆಯ ಅಂಗಳಕ್ಕೆ ತರಬೇಕು.

ಕಾನೂನಿನ ಕೊರತೆ ಇಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯ್ದೆ ರೋಗದ ಸುಳಿವು ಸಿಕ್ಕವರು ತಿಳಿಸಲೇಬೇಕೆಂದು ವಿಧಿಸುತ್ತದೆ; ನಿಯಂತ್ರಿತ ಪ್ರದೇಶ ಘೋಷಿಸಿ ಸಾಗಾಟ, ಸಂತೆ, ಜಾತ್ರೆಗಳನ್ನು ತಡೆಯಲು ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ತಿಳಿಸಿದವನಿಗೆ ಏನು ಸಿಗುತ್ತದೆ ಎಂಬಲ್ಲಿ ಎಲ್ಲವೂ ಕುಂಟುತ್ತದೆ. ದನ ಸತ್ತರೆ ಪರಿಹಾರವುಂಟು. ರೋಗ ಬಂದಿದೆ ಎಂದು ಒಪ್ಪಿಕೊಂಡು, ಮಾರಾಟ ಕೈಬಿಟ್ಟು, ತಿಂಗಳ ಕಾಲ ಮೇವು ಹಾಕಿ ಸಾಕಿದವನಿಗೆ ಏನೂ ಇಲ್ಲ. ಹಾಗಿರುವಾಗ ಲಕ್ಷಣ ಮುಚ್ಚಿಟ್ಟು ಮಾರುವವನನ್ನು ಬೈದು ಫಲವಿಲ್ಲ. ಬೇರೆ ಕಟ್ಟಿದ ದನಕ್ಕೆ ಮೇವಿನ ನೆರವು ನೀಡುವುದು ಸತ್ತ ದನದ ಪರಿಹಾರಕ್ಕಿಂತ ಎಷ್ಟೋ ಅಗ್ಗ.

ಬೇರೆ ಕಟ್ಟುವುದೆಂದರೆ ಎತ್ತನ್ನು ಗೂಟಕ್ಕೆ ಬಿಗಿದು ಸುಮ್ಮನೆ ನಿಲ್ಲಿಸುವುದಲ್ಲ. ಸಾಲ ಮಾಡಿ ತಂದ ಜೋಡಿಯನ್ನು ತಿಂಗಳು ದುಡಿಸದೆ ಇಡು ಎಂದರೆ ಯಾವ ರೈತನೂ ಕೇಳಲಾರ. ಲಕ್ಷಣವಿಲ್ಲದ ಜೋಡಿ ತನ್ನ ಹೊಲದಲ್ಲಿ ತಾನು ಗಳೆ ಹೊಡೆಯಬಹುದು. ಊರ ತೊಟ್ಟಿಗೆ ಹೋಗುವುದು, ಮುಯ್ಯಿಗೆ ನೆರೆಯವನ ಎತ್ತಿನೊಂದಿಗೆ ನೊಗಕ್ಕೆ ಹೂಡುವುದು, ಹೋರಿಯಾದರೆ ಆಕಳ ಮೇಲೆ ಬಿಡುವುದು ಬೇಡ. ರಾತ್ರಿ ಹೊಲದ ವಸ್ತಿಯಲ್ಲಿ ಬೇರೆ ಗೋದಲಿ, ಬೇರೆ ಬಕೆಟ್ಟು. ಮನೆಯ ದನಕ್ಕೆ ಮೇವು ನೀರು ಹಾಕಿ ಮುಗಿಸಿದ ಮೇಲೆ ಹೊಸ ದನದ ಕಡೆ ಹೋಗಬೇಕು, ತಿರುಗಿ ಬರುವಾಗ ಕೈಕಾಲು ತೊಳೆಯಬೇಕು. ನೂರು ಲೀಟರ್ ನೀರಿಗೆ ನಾಲ್ಕು ಕಿಲೋ ಬಟ್ಟೆ ಸೋಡಾ ಕಲಸಿದ ದ್ರಾವಣ ಕಾಲುಬಾಯಿ ವೈರಾಣುವನ್ನು ಕೊಲ್ಲುತ್ತದೆ. ಗಾಡಿಯ ಹಲಗೆ, ಗಾಲಿ, ಕೊಟ್ಟಿಗೆಯ ನೆಲಕ್ಕೆ ಅದು ಸಾಕು. ಕಿರಾಣಿ ಅಂಗಡಿಯಲ್ಲಿ ಸಿಗುವ ಈ ಸೋಡಾ ಜಾತ್ರೆಯ ಬಯಲಿನ ಪ್ರತಿ ಹೊರದಾರಿಯಲ್ಲೂ ಇರಬೇಕು.

ಇಟ್ಟಂಗಿಹಾಳದಂಥ, ಜಾತ್ರೆಯ ಬಯಲಿಗೂ ನಗರದ ಹಾಲಿನ ಪೇಟೆಗೂ ಹತ್ತಿರವಿರುವ ಊರುಗಳಲ್ಲಿ ದುಡಿಯುವ ಎತ್ತು, ಹಾಲಿನ ಮಿಶ್ರತಳಿ ಆಕಳು, ಕುರಿ, ಮೇಕೆ ಒಂದೇ ಓಣಿಯಲ್ಲಿರುತ್ತವೆ. ಒಬ್ಬನ ಮನೆಯ ಎಚ್ಚರ ಸಾಲುವುದಿಲ್ಲ, ಊರೇ ಒಪ್ಪಬೇಕು. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಇದು ಹೊಸದಲ್ಲ: ವಾರ ಹಿಡಿದ ದಿನ ಊರಿಗೆ ಊರೇ ಗಳೆ ಹೂಡದೆ ನಿಲ್ಲುತ್ತದೆ, ಯಾವ ಪೊಲೀಸರೂ ಬೇಕಾಗುವುದಿಲ್ಲ. ಹಾಗೆ ಒಪ್ಪಿ ನಡೆಯುವ ಶಕ್ತಿಯನ್ನು ಜಾತ್ರೆಯ ಮರುದಿನದಿಂದ 28 ದಿನಗಳ ಕಟ್ಟುಪಾಡಿಗೆ ಬಳಸಿಕೊಳ್ಳಲು ಗ್ರಾಮ ಪಂಚಾಯಿತಿ, ಹಾಲಿನ ಸಂಘ, ಜಾತ್ರಾ ಸಮಿತಿಗಳು ಕೂಡಿ ಕುಳಿತರೆ ಸಾಕು.

ಇದು ಆಗದ ಕೆಲಸ ಎನ್ನುವವರಿಗೆ ದೊಡ್ಡರೋಗದ ಉದಾಹರಣೆಯಿದೆ. ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿದ್ದ ಆ ಮಾರಿಯ ವಿರುದ್ಧ ದೇಶ 1954ರಲ್ಲಿ ನಿರ್ಮೂಲನ ಯೋಜನೆ ಹೂಡಿತು. 1995ರಲ್ಲಿ ತಮಿಳುನಾಡಿನಲ್ಲಿ ಕಂಡದ್ದೇ ಭಾರತದ ಕೊನೆಯ ಪ್ರಕರಣ. 2011ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವೆಂದು ಸಾರಲಾಯಿತು. ಒಳ್ಳೆಯ ಲಸಿಕೆಯ ಜೊತೆಗೆ ದನ ಸಾಗುವ ದಾರಿಗಳ ಮೇಲಿನ ಕಾವಲೂ ಹಳ್ಳಿಹಳ್ಳಿಯ ಶೋಧವೂ ಸೇರಿ ಆದ ಕೆಲಸ ಅದು. ಕಾಲುಬಾಯಿ ಬೇನೆ ಅದಕ್ಕಿಂತ ಕಠಿಣ: ಲಸಿಕೆಯ ಬಲ ಬೇಗ ಇಳಿಯುತ್ತದೆ, ವೈರಾಣುವಿಗೆ ಹಲವು ಬಗೆಗಳಿವೆ, ಗುಣವಾದ ದನದ ಗಂಟಲಲ್ಲೂ ಅದು ಬಹುಕಾಲ ಉಳಿಯಬಲ್ಲದು. ದಾರಿಯ ಕಾವಲು ಇಲ್ಲಿ ಇನ್ನಷ್ಟು ಬೇಕಾಗುವುದು ಆದ್ದರಿಂದಲೇ.

ಆ ಕಾವಲಿಗೆ ಸಾಧನ ಈಗಾಗಲೇ ದನದ ಕಿವಿಯಲ್ಲಿದೆ. 12 ಅಂಕಿಯ ಕಿವಿಯೋಲೆಯ ಸಂಖ್ಯೆಯನ್ನು ಜಾತ್ರೆಯ ಪಾವತಿಯಲ್ಲಿ ಕೊಂಡವನ ಊರಿನೊಂದಿಗೆ ಬರೆದರೆ, ರೋಗ ಕಂಡ ದಿನವೇ ಆ ಜಾತ್ರೆಯಿಂದ ಹೋದ ದನಗಳೆಲ್ಲ ಯಾವ ಊರಲ್ಲಿವೆ ಎಂದು ಪಶುಸಂಗೋಪನಾ ಇಲಾಖೆಗೆ ಗೊತ್ತಾಗುತ್ತದೆ. ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳ ಅಧಿಕಾರಿಗಳೊಂದಿಗೆ ಅದೇ ಪಟ್ಟಿ ಹಂಚಿಕೊಳ್ಳಬೇಕು. ರೈತರಿಗೆ 1962 ಸಂಖ್ಯೆಯ ಸಹಾಯವಾಣಿ ಇದೆ. ಹುಣ್ಣು, ಜೊಲ್ಲು, ಗಂಟು ಕಂಡ ಕೂಡಲೇ ಕರೆ ಮಾಡಲಿ, ಮಾರುವ ಯೋಚನೆ ಬಿಡಲಿ. ಸಂಕ್ರಾಂತಿಗೆ ತೊರವಿಗೆ ಬರುವ ಪ್ರತಿ ದನಕ್ಕೂ ಡಿಸೆಂಬರ್ 17ರೊಳಗೆ ಲಸಿಕೆ ಆಗಿರಬೇಕು. ಅಲ್ಲಿಂದ ಹೋದ, ಅಲ್ಲಿಂದ ಮರಳಿದ ಪ್ರತಿ ದನವೂ ಫೆಬ್ರುವರಿ ಎರಡನೆಯ ವಾರ ಮುಗಿಯುವ ತನಕ ಬೇರೆ ಗೋದಲಿಯಲ್ಲಿರಬೇಕು.