ಕುಡುಕನನ್ನು ಬಿಟ್ಟು ಕುಡಿತವನ್ನು ನೋಡಿದವರು

ಮದ್ಯದ ಬಗ್ಗೆ ಸಭೆ ಎಲ್ಲೇ ನಡೆಯಲಿ, ಒಂದು ಮಾತು ಬಂದೇ ಬರುತ್ತದೆ: ‘ಚಟಕ್ಕೆ ಬಿದ್ದವರನ್ನು ಹುಡುಕಿ ಚಿಕಿತ್ಸೆ ಕೊಡಿಸಿ, ಮಿಕ್ಕವರು ಲಿಮಿಟ್ಟಿನಲ್ಲೇ ಇದ್ದಾರೆ.’ ಈ ಕ್ಷೇತ್ರದ ಅರ್ಧ ಶತಮಾನದ ಕೆಲಸವನ್ನು ಓದಿದವರು ಹೀಗೆ ಹೇಳಲಾರರು.

ಆರಂಭದ ಕಥೆ ಚಿಕ್ಕದು. ಪಾನನಿರೋಧದವರಿಗೆ ಕುಡಿತ ಪಾಪವಾಗಿತ್ತು. 1960ರಲ್ಲಿ ಸಂಶೋಧಕ ಜೆಲ್ಲಿನೆಕ್ ಅವರ ಪುಸ್ತಕ ಬರುವ ಹೊತ್ತಿಗೆ ಕಾಯಿಲೆಯಾಗಿತ್ತು. ಪಾಪಿಯ ಜಾಗಕ್ಕೆ ರೋಗಿ ಬಂದ, ಅಷ್ಟೆ. ಆದರೆ ಸಮಾಜದ ಸರಾಸರಿ ಕುಡಿತ ಏರಿದರೆ ಅತಿಯಾಗಿ ಕುಡಿಯುವವರೂ ಹೆಚ್ಚುತ್ತಾರೆಂದು ಫ್ರಾನ್ಸಿನ ಲೆಡರ್ಮನ್ 1956ರಲ್ಲೇ ಹೇಳಿದ್ದರು. ಇದಕ್ಕೆ ಅವರು ಕೊಟ್ಟ ಗಣಿತದ ಸೂತ್ರ ಪೂರ್ತಿ ನಿಲ್ಲಲಿಲ್ಲ; ಒಳಗಿದ್ದ ಹುರುಳನ್ನು ನಾರ್ವೆಯ ಸ್ಕೋಗ್ ಉಳಿಸಿಕೊಂಡರು.

ನನ್ನ ಮಟ್ಟಿಗೆ ದೊಡ್ಡ ತಿರುವು ಅಮೆರಿಕದ ಡಾನ್ ಕಹಲಾನ್ ಮತ್ತು ರಾಬಿನ್ ರೂಮ್ ಅವರದು. ಆಸ್ಪತ್ರೆಯ ವಾರ್ಡು ಬಿಟ್ಟು ಅವರು ಜನಸಾಮಾನ್ಯರ ಮನೆಬಾಗಿಲಿಗೆ ಹೋದರು. ವಾರ್ಡಿನಲ್ಲಿ ಕಾಣುತ್ತಿದ್ದವನು ನಲವತ್ತು ದಾಟಿದ, ಮೈ ಹಾಳಾದ ಗಂಡಸು. 1974ರ ಅವರ ಪುಸ್ತಕದಲ್ಲಿ ಕುಡಿತದಿಂದ ಜಗಳ, ಕೆಲಸದ ತೊಂದರೆ, ಪೊಲೀಸರ ಗೋಳು ಅತಿ ಹೆಚ್ಚಿದ್ದದ್ದು ಇಪ್ಪತ್ತರ ಆಸುಪಾಸಿನವರಲ್ಲಿ. ಕೆಲ ವರ್ಷ ಬಿಟ್ಟು ಕೇಳಿದರೆ ತೊಂದರೆಯಲ್ಲಿದ್ದವರಲ್ಲಿ ಎಷ್ಟೋ ಜನ ಅದರಿಂದ ಹೊರಬಂದಿದ್ದರು, ಹೊಸಬರು ಸೇರಿದ್ದರು. ಕುಡಿತಕ್ಕೆ ಮನ್ನಣೆ ಕಡಿಮೆಯಿದ್ದ ಪ್ರದೇಶಗಳಲ್ಲಿ ಕುಡಿದವನಿಗೆ ಸಮಸ್ಯೆ ಹೆಚ್ಚು. ಅಂದರೆ ‘ಸಾಮಾಜಿಕ ಸಮಸ್ಯೆ’ಯಲ್ಲಿ ಕುಡಿದವನದು ಒಂದು ಪಾಲಾದರೆ ಸುತ್ತಲಿನವರ ಪ್ರತಿಕ್ರಿಯೆಯದು ಇನ್ನೊಂದು ಪಾಲು. ಕಾರಿಗೆ ಡ್ರೈವರ್ ಇರುವವನಿಗೂ ಸಂಜೆ ಕೂಲಿ ಪಡೆಯುವವನಿಗೂ ಒಂದೇ ಅಳತೆಯ ಅಮಲು ಒಂದೇ ಬೆಲೆ ಕೇಳುವುದಿಲ್ಲ.

1986ರಲ್ಲಿ ಸಂಶೋಧಕ ಕ್ರೈಟ್‌ಮನ್ ಇನ್ನೊಂದು ಗಂಟು ಹಾಕಿದರು: ಮಿತವಾಗಿ ಕುಡಿಯುವವರ ಸಂಖ್ಯೆಯೇ ದೊಡ್ಡದಾದ್ದರಿಂದ ಒಟ್ಟು ತೊಂದರೆಗಳಲ್ಲಿ ಹೆಚ್ಚಿನವು ಅವರಿಂದಲೇ ಬರುತ್ತವೆ. ಆ ‘ಮಿತ’ದವರೂ ಒಂದೊಂದು ದಿನ ಮಿತಿಮೀರುತ್ತಾರೆ, ಹಾನಿ ಆಗುವುದು ಆ ದಿನವೇ ಎಂದು ನಂತರದವರು ತೋರಿಸಿದರು. ಸರಾಸರಿಗಿಂತ ಕುಡಿಯುವ ರೀತಿ ಮುಖ್ಯ ಎಂಬ ಪಂಥ ಬೆಳೆದದ್ದು ಹೀಗೆ. ನಾನೂ ಅದೇ ಪಂಥದವನು.

ನಮ್ಮ ದೇಶಕ್ಕೆ ಆ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ 10ರಿಂದ 75 ವರ್ಷದವರ ಪೈಕಿ ಕುಡಿಯುವವರು ಶೇ 14.6 ಮಾತ್ರ. ಆದರೆ ಕುಡಿಯುವವರು ಅಮಲಿಗಾಗಿಯೇ ಕುಡಿಯುತ್ತಾರೆ ಎಂಬುದನ್ನು ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್, ಗುರುರಾಜ್ ಮೊದಲಾದವರು ಬರೆದಿದ್ದಾರೆ. ‘ದಿನಾ ಎಷ್ಟು?’ ಎಂದು ಕೇಳಿ ನೋಡಿ, ‘ಜಾಸ್ತಿ ಏನಿಲ್ಲ ಸಾರ್, ಒಂದು ಕ್ವಾರ್ಟರ್’ ಎನ್ನುತ್ತಾರೆ. 30 ಮಿ.ಲೀ. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್, 180 ಮಿ.ಲೀ. ಕ್ವಾರ್ಟರಿನಲ್ಲಿ 60. ಒಂದೇ ಸಲಕ್ಕೆ ಅಷ್ಟು ಕುಡಿಯುವುದನ್ನು, ತಿಂಗಳಿಗೊಮ್ಮೆಯಾದರೂ ಸರಿ, ವಿಶ್ವ ಆರೋಗ್ಯ ಸಂಸ್ಥೆ ಅತಿಕುಡಿತದ ಲೆಕ್ಕಕ್ಕೆ ಸೇರಿಸುತ್ತದೆ. ಲಿಮಿಟ್ಟಿನಲ್ಲಿರುವವನ ಲಿಮಿಟ್ಟು ಇದು.

ಇಂಥ ಕುಡಿತದ ಬೆಲೆ ತೆರುವ ಮನೆಯವರಿಗೆ ಇದು ಮೊದಲೇ ಗೊತ್ತಿತ್ತು. 1992ರಲ್ಲಿ ನೆಲ್ಲೂರಿನ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿಗೆ ತಿರುಗಿ ನಿಂತರು; ಯಾವ ಸಮೀಕ್ಷೆಗೂ ಕಾಯಲಿಲ್ಲ. ಮರುವರ್ಷ ಆಂಧ್ರದಲ್ಲಿ ಸಾರಾಯಿ ನಿಂತಿತು. ಕರ್ನಾಟಕದಲ್ಲಿ ನಿಂತದ್ದು 2007ರಲ್ಲಿ. ಪ್ಯಾಕೆಟ್ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಆ ಬದಲಾವಣೆಯ ಹಿಂದೆ ಮುಂದೆ ಅವೇ ಮನೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಬೇಕಿತ್ತು. ಅಂಥ ಅಧ್ಯಯನ ನಮ್ಮಲ್ಲಿ ಅಪರೂಪ, ಹಾಗಾಗಿ ಕುಡಿತದಿಂದ ಬಡತನವೋ ಬಡತನದಿಂದ ಕುಡಿತವೋ ಎಂಬ ವಾದ ಊಹೆಯ ಮೇಲೇ ನಡೆದಿದೆ.

ಇನ್ನೊಂದು ಕೊರತೆ ಪ್ರಶ್ನಾವಳಿಯದು. ಕುಡಿಯದವರಿಗಾದ ಹಾನಿಯನ್ನು ಲೆಕ್ಕ ಹಾಕುವ ಕೆಲಸವನ್ನು ಆಸ್ಟ್ರೇಲಿಯಾದ ಲಾಸ್ಲೆಟ್ ಮತ್ತು ಸಂಗಡಿಗರು 2010ರಲ್ಲಿ ಮಾಡಿದರು. ನಮ್ಮ ಬಹುಪಾಲು ಸಮೀಕ್ಷೆಗಳು ಈಗಲೂ ಮೊದಲು ಕೇಳುವುದು ‘ನೀವು ಕುಡಿಯುತ್ತೀರಾ?’ ಎಂದು. ಹೆಂಡತಿ ‘ಇಲ್ಲ’ ಎಂದರೆ ಮುಂದಿನ ಪುಟಗಳೆಲ್ಲ ಖಾಲಿ. ಸ್ವಸಹಾಯ ಸಂಘದ ಸಾಲದಿಂದ ಹೋದ ದುಡ್ಡು, ರಾತ್ರಿ ಪಕ್ಕದ ಮನೆಗೆ ಮಲಗಲು ಕಳಿಸಿದ ಮಕ್ಕಳು, ತಪ್ಪಿಹೋದ ಕೂಲಿ, ಇವಕ್ಕೆ ಹಾಳೆಯಲ್ಲಿ ಕಾಲಂ ಇಲ್ಲ. ಅಬಕಾರಿ ಇಲಾಖೆಯ ಲೆಕ್ಕದಲ್ಲಿ ಮಾತ್ರ ಮಾರಾಟವಾದ ಒಂದು ಪೆಟ್ಟಿಗೆಯೂ ತಪ್ಪುವುದಿಲ್ಲ.